ಯಹೂದಿ ನೆರೆಹೊರೆಯಲ್ಲಿ ಬಾಡಿಗೆ ಮನೆ: ನ್ಯೂಯಾರ್ಕಿನಲ್ಲಿ ಇದ್ದವರ ಅನುಭವ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಕ್ಯೂ ಗಾರ್ಡನ್ಸ್ ಹಿಲ್ಸ್ ಅನ್ನೋ ಬಡಾವಣೆಯಲ್ಲಿ ನಮಗೆ ಬಾಡಿಗೆ ಮನೆ ಸಿಕ್ಕಿದೆ. ಮಹಡಿ ಮನೆ ನಮಗೆ. ಕೆಳಗೆ ಓನರ್ ಕುಟುಂಬ ಇದೆ, ಕಟ್ಟುನಿಟ್ಟಾಗಿ ಆಚಾರ ಪಾಲಿಸುವ ಯಹೂದಿಗಳು. ಅಕ್ಕಪಕ್ಕದಲ್ಲೂ ಹೆಚ್ಚಿನವರು ಅವರೇ. ನಾವು ಸಸ್ಯಾಹಾರಿಗಳು, ಮನೆಯಲ್ಲಿ ದಿನಾ ಪೂಜೆ ಇರುತ್ತದೆ. ಐದು ವರ್ಷದ ಮಗಳಿದ್ದಾಳೆ. ಹಾಸನದಿಂದ ಅತ್ತೆ ಮಾವನೂ ಬರುತ್ತಿದ್ದಾರೆ. ಅವರ ಜೊತೆ ಹೇಗಿರಬೇಕು? ಯಾವುದು ಅವರಿಗೆ ತೊಂದರೆ ಆಗುತ್ತೆ? ಮನೆಯಲ್ಲಿ ಮಾಡಿದ ತಿಂಡಿ ಕೊಡಬಹುದಾ? ಅಲ್ಲಿ ಇದ್ದವರು ದಯವಿಟ್ಟು ಹೇಳಿ.

ಅದೇ ಬಡಾವಣೆಯಲ್ಲಿ ಇರುವವರ ಉತ್ತರ:

ಒಳ್ಳೆ ಜಾಗ ಆರಿಸಿದ್ದೀರಿ. ನಮ್ಮ ಮಕ್ಕಳು ಇಲ್ಲೇ ಬೆಳೆದರು. ರಾತ್ರಿ ಹೊತ್ತು ಹೆಂಗಸರು ಧೈರ್ಯವಾಗಿ ಓಡಾಡುತ್ತಾರೆ. ಮೇನ್ ಸ್ಟ್ರೀಟ್‌ನಲ್ಲಿ ಕ್ಯೂ 44 ಬಸ್ ಹತ್ತಿದರೆ ಫ್ಲಶಿಂಗ್ ತಲುಪುತ್ತೀರಿ. ಬೌನ್ ಸ್ಟ್ರೀಟ್‌ನ ಗಣೇಶ ದೇವಸ್ಥಾನ ಇರುವುದು ಅಲ್ಲೇ. ಅತ್ತೆ ಮಾವನಿಗೆ ಬೇಜಾರಾಗಲ್ಲ.

ಮೊದಲು ಕಲಿಯಬೇಕಾದ್ದು ಶುಕ್ರವಾರದ ಲೆಕ್ಕ. ಅದು ವಾರಕ್ಕೊಮ್ಮೆ ಬರುವ ಅವರ ಪವಿತ್ರ ವಿಶ್ರಾಂತಿ ದಿನ, ಇಲ್ಲಿನವರು ಶಬ್ಬಸ್ ಅನ್ನುತ್ತಾರೆ. ಶುಕ್ರವಾರ ಸೂರ್ಯ ಮುಳುಗುವುದಕ್ಕೆ 18 ನಿಮಿಷ ಮೊದಲು ಮನೆಯ ಹೆಂಗಸರು ದೀಪ ಹಚ್ಚುತ್ತಾರೆ. ಅಲ್ಲಿಂದ ಶನಿವಾರ ಕತ್ತಲಾಗಿ ನಕ್ಷತ್ರ ಕಾಣುವವರೆಗೆ ಶಬ್ಬಸ್. ಡಿಸೆಂಬರ್‌ನಲ್ಲಿ ಸಂಜೆ 4.10ರ ಸುಮಾರಿಗೇ ದೀಪ ಹಚ್ಚಿ ಆಗಿರುತ್ತದೆ. ಜೂನ್ ಕೊನೆಗೆ ಅದು 8.10 ದಾಟುತ್ತದೆ. ಆ ಹೊತ್ತಿನಲ್ಲಿ 39 ಬಗೆಯ ಕೆಲಸ ನಿಷಿದ್ಧ. ಬೆಂಕಿ ಹಚ್ಚುವಂತಿಲ್ಲ, ಸ್ವಿಚ್ ಮುಟ್ಟುವಂತಿಲ್ಲ, ಫೋನ್ ಇಲ್ಲ, ಕಾರ್ ಇಲ್ಲ, ದುಡ್ಡು ಮುಟ್ಟುವಂತಿಲ್ಲ. ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಅದಕ್ಕೇ ಗುರುವಾರ ರಾತ್ರಿ ಮೇನ್ ಸ್ಟ್ರೀಟ್ ಜಾತ್ರೆ ಥರ ತುಂಬಿರುತ್ತದೆ. ನಿಮ್ಮ ಸಾಮಾನನ್ನು ಬುಧವಾರವೇ ತಂದಿಟ್ಟುಕೊಳ್ಳಿ, ಇಲ್ಲಾಂದ್ರೆ ಭಾನುವಾರದವರೆಗೆ ಕಾಯಿರಿ.

ಇದರಿಂದ ನಿಮಗೆ ಏನು ಮಾಡಬೇಕಾಗುತ್ತೆ ಅಂದರೆ, ಶಬ್ಬಸ್ ಹೊತ್ತಿನಲ್ಲಿ ಅವರ ಕಾಲಿಂಗ್ ಬೆಲ್ ಒತ್ತಬೇಡಿ, ಬಾಗಿಲು ತಟ್ಟಿ. ಬಾಡಿಗೆ ವಿಷಯ, ರಿಪೇರಿ ವಿಷಯ ಎತ್ತಬೇಡಿ, ಮೆಸೇಜ್ ಮಾಡಿದರೂ ನೋಡಲ್ಲ. ಮೆಟ್ಟಿಲ ಹತ್ತಿರ ನೀವಾಗಿ ತಾನೇ ಉರಿಯುವ ಸೆನ್ಸರ್ ಲೈಟ್ ಹಾಕಿಸಬೇಡಿ. ಅವರು ನಡೆದು ಬಂದಾಗ ಅದು ಉರಿದರೆ ಅವರಿಗೆ ದೊಡ್ಡ ಪೇಚಾಟ. ಓನರ್ ಜೊತೆ ಮೊದಲೇ ಮಾತಾಡಿಕೊಂಡರೆ ಆಯಿತು.

ಇನ್ನೊಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಶುಕ್ರವಾರ ರಾತ್ರಿ ಕೆಳಗಿನ ಮನೆ ಅಜ್ಜಿ ಬಂದು ಬಾಗಿಲು ತಟ್ಟಿದರು. "ನಮ್ಮ ರೂಮಿನ ಲೈಟು ಉರೀತಾನೇ ಇದೆ. ನಮ್ಮ ಯಜಮಾನರಿಗೆ ನಿದ್ದೆ ಬರ್ತಿಲ್ಲ" ಅಂದರು. ಆರಿಸಿ ಅಂತ ಒಂದು ಮಾತೂ ಬರಲಿಲ್ಲ. ತಾವು ಮಾಡಬಾರದ ಕೆಲಸವನ್ನು ಬೇರೆಯವರಿಗೆ ನೇರವಾಗಿ ಹೇಳಿ ಮಾಡಿಸುವುದೂ ಅವರಲ್ಲಿ ಸಲ್ಲ. ನಾನು ಅವರ ಜೊತೆ ಕೆಳಗೆ ಹೋದೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿತ್ತು, ವೈನ್ ಲೋಟ, ಅರ್ಧ ಮುರಿದ ಖಲಾ ಬ್ರೆಡ್ಡು. ಅಜ್ಜ ಮಂಚದ ಮೇಲೆ ಕಣ್ಣಿಗೆ ಕೈ ಅಡ್ಡ ಇಟ್ಟು ಮಲಗಿದ್ದರು. ನಾನು ಸ್ವಿಚ್ ಆರಿಸಿ, "ಗುಡ್ ಶಬ್ಬಸ್" ಅಂದು ಬಂದೆ. ನಿಮಗೂ ಇಂಥ ಸಂದರ್ಭ ಬರುತ್ತದೆ. ಸೂಚನೆ ಅರ್ಥ ಮಾಡಿಕೊಂಡು ಸುಮ್ನೆ ಮಾಡಿಕೊಡಿ, "ಏನು ಮಾಡಬೇಕು ಹೇಳಿ" ಅಂತ ಬಾಯಿ ಬಿಡಿಸಬೇಡಿ. ಆದರೆ ಜೀವಕ್ಕೆ ಅಪಾಯ ಅಂದರೆ ಎಲ್ಲ ನಿಯಮವೂ ಬದಿಗೆ ಸರಿಯುತ್ತದೆ. ಆಗ ಅವರೇ ಫೋನ್ ಎತ್ತುತ್ತಾರೆ, ಕಾರ್ ಓಡಿಸುತ್ತಾರೆ. ಹಟ್ಸೋಲಾ ಅಂತ ಅವರದೇ ಸ್ವಯಂಸೇವಕರ ಆಂಬುಲೆನ್ಸ್ ಇದೆ. 1960ರ ದಶಕದಲ್ಲಿ ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್‌ನಲ್ಲಿ ಶುರುವಾದದ್ದು. ಯಹೂದಿಗಳಲ್ಲದವರು ಕರೆದರೂ ಬರುತ್ತಾರೆ. ವಯಸ್ಸಾದವರು ಮನೆಯಲ್ಲಿರುವಾಗ ಆ ನಂಬರ್ ಫ್ರಿಜ್ ಮೇಲೆ ಅಂಟಿಸಿಡಿ.

ಹೊಗೆ ಅಲಾರಂ ಬಗ್ಗೆ ಓನರ್ ಹತ್ತಿರ ಖಂಡಿತ ಕೇಳಿ. ಶಬ್ಬಸ್‌ನಲ್ಲಿ ಒಲೆ ಹಚ್ಚುವಂತಿಲ್ಲವಲ್ಲ, ಅಡುಗೆ ಬಿಸಿಯಾಗಿರಲಿ ಅಂತ ಶುಕ್ರವಾರವೇ ಸಣ್ಣ ಉರಿ ಅಥವಾ ಹಾಟ್ ಪ್ಲೇಟ್ ಹಚ್ಚಿ ಹಾಗೇ ಬಿಡುತ್ತಾರೆ. 2015ರ ಮಾರ್ಚ್‌ನಲ್ಲಿ ಬ್ರೂಕ್ಲಿನ್‌ನ ಮಿಡ್‌ವುಡ್‌ನಲ್ಲಿ ಇಂಥ ಹಾಟ್ ಪ್ಲೇಟಿನಿಂದ ಬೆಂಕಿ ಹತ್ತಿ ಒಂದೇ ಮನೆಯ 7 ಮಕ್ಕಳು ತೀರಿಹೋದರು. ಆ ಮನೆಯಲ್ಲಿ ಅಲಾರಂ ಇದ್ದದ್ದು ನೆಲಮಾಳಿಗೆಯಲ್ಲಿ ಮಾತ್ರ. ಪ್ರತಿ ಮಹಡಿಯಲ್ಲೂ ಅಲಾರಂ ಇದೆಯಾ ಅಂತ ನೀವೇ ಕಣ್ಣಾರೆ ನೋಡಿ. ಇದಕ್ಕೆ ಸಂಕೋಚ ಬೇಡ.

ಫಾರೆಸ್ಟ್ ಹಿಲ್ಸ್‌ನಿಂದ, ಊಟದ ವಿಷಯ:

ಮನೆಯಲ್ಲಿ ಮಾಡಿದ್ದನ್ನು ಕೊಡಬೇಡಿ. ಎಷ್ಟೇ ಶುಚಿಯಾಗಿ ಮಾಡಿದ್ದರೂ ಅವರು ತಿನ್ನುವಂತಿಲ್ಲ, ಬೇಡ ಅನ್ನೋಕೆ ಅವರಿಗೂ ಕಷ್ಟ. ಅತ್ತೆಯವರಿಗೆ ಇದನ್ನು ವಿವರಿಸೋದು ಬಹಳ ಸುಲಭ. ಮಡಿ ಅಡುಗೆ ಕಂಡವರಿಗೆ ಕೋಷರ್, ಅಂದರೆ ಅವರ ಧರ್ಮದ ಆಹಾರ ನಿಯಮದಂತೆ ನಡೆಯುವ ಅಡುಗೆಮನೆ, ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಎಷ್ಟೋ ಮನೆಗಳಲ್ಲಿ ಸಿಂಕೂ ಎರಡು. ನಿಮ್ಮ ಮನೆಯಲ್ಲೂ ಎರಡು ಸಿಂಕ್ ಇದ್ದರೆ ಅದಕ್ಕೇ ಇರೋದು.

ಕೊಡಬೇಕು ಅನ್ನಿಸಿದರೆ ಕತ್ತರಿಸದ ಇಡೀ ಹಣ್ಣು ಕೊಡಿ. ಕೋಷರ್ ಮುದ್ರೆ ಇರುವ, ಒಡೆಯದ ಪ್ಯಾಕೆಟ್ ಆದರೂ ಆಗಬಹುದು. ಹೂವಂತೂ ಎಲ್ಲಕ್ಕಿಂತ ಒಳ್ಳೇದು. ಆದರೆ ಶುಕ್ರವಾರ ಮಧ್ಯಾಹ್ನದ ಒಳಗೆ ತಲುಪಿಸಿ.

ಈ ಮುದ್ರೆಗಳು ಸಸ್ಯಾಹಾರಿಗಳಾದ ನಮಗೂ ಬಹಳ ಉಪಯೋಗ. ವೃತ್ತದೊಳಗೆ ಯು ಅಕ್ಷರ ಇದ್ದರೆ ಕೋಷರ್. ಪಕ್ಕದಲ್ಲಿ ಡಿ ಇದ್ದರೆ ಹಾಲಿನ ಪದಾರ್ಥ, ಅಂದರೆ ಮಾಂಸ ಸೇರಿಲ್ಲ. "ಪಾರ್ವೆ" ಅಂದರೆ ಹಾಲೂ ಇಲ್ಲ, ಮಾಂಸವೂ ಇಲ್ಲ. ಇಲ್ಲಿ ಮಾತ್ರ ಹುಷಾರು. ಅವರ ಲೆಕ್ಕದಲ್ಲಿ ಮೊಟ್ಟೆ, ಮೀನು ಎರಡೂ ಪಾರ್ವೆ! ಪಾರ್ವೆ ಅಂತ ಬರೆದ ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಮೀನಿನ ಜೆಲಟಿನ್ ಇರುತ್ತದೆ. ಖಲಾ ಬ್ರೆಡ್ಡಿಗೆ ಮೊಟ್ಟೆ ಹಾಕುತ್ತಾರೆ, ಹಾಕದ್ದು ಬೇಕು ಅಂದರೆ "ವಾಟರ್ ಖಲಾ" ಕೇಳಿ. ಮುದ್ರೆ ಪಕ್ಕ ಪಿ ಇದ್ದರೆ ಪಾರ್ವೆ ಅಂತ ಅಂದುಕೊಳ್ಳಬೇಡಿ, ಅದು ಪಾಸೋವರ್ ಹಬ್ಬಕ್ಕೆ ಆಗುತ್ತೆ ಅಂತ ಅರ್ಥ. ಕೋಷರ್ ಡೈರಿ ಹೋಟೆಲ್‌ಗಳಲ್ಲಿ ಮಾಂಸ ಅಡುಗೆಮನೆಯೊಳಗೇ ಬರೋದಿಲ್ಲ. ನಮ್ಮ ಮಾವ ಹೊರಗೆ ನೆಮ್ಮದಿಯಾಗಿ ಪಿಜ್ಜಾ ತಿಂದದ್ದು ಅಲ್ಲೇ.

ಇನ್ನು ನಿಮಗೆ ಖುಷಿಯಾಗೋ ವಿಷಯ: ಅವರ ತರಕಾರಿ ಅಂಗಡಿಯಲ್ಲಿ ವರ್ಷವಿಡೀ ತಾಜಾ ಸಬ್ಬಸಿಗೆ ಸೊಪ್ಪು ಸಿಗುತ್ತದೆ. ಸೂಪಿಗೆ, ಉಪ್ಪಿನಕಾಯಿಗೆ ಅವರಿಗದು ಬೇಕೇ ಬೇಕು. ನಮ್ಮ ಅಕ್ಕಿರೊಟ್ಟಿಗೂ ಬೇಕಲ್ವಾ.

ಬಿಡುವಾದಾಗ ನಮ್ಮ ಕಡೆ 108ನೇ ಬೀದಿಗೆ ಬನ್ನಿ. ಇಲ್ಲಿರುವವರು ಬುಖಾರಿ ಯಹೂದಿಗಳು, ಸೋವಿಯತ್ ಒಕ್ಕೂಟ ಒಡೆದ ಮೇಲೆ ಉಜ್ಬೇಕಿಸ್ತಾನ, ತಜಿಕಿಸ್ತಾನದಿಂದ ಬಂದವರು. ತಂದೂರಿನ ದಪ್ಪ ರೊಟ್ಟಿಗೆ ನಾನ್ ಅಂತಲೇ ಹೇಳುತ್ತಾರೆ. ಕುಂಬಳಕಾಯಿ ತುಂಬಿದ ಸಂಸಾ ಕೂಡ ಸಿಗುತ್ತದೆ. ಯಹೂದಿಗಳು ಅಂದರೆ ಎಲ್ಲರೂ ಕಪ್ಪು ಕೋಟು, ಕಪ್ಪು ಟೋಪಿ ಅನ್ನೋ ಭಾವನೆ ಇಲ್ಲಿಗೆ ಬಂದರೆ ಹೋಗುತ್ತದೆ.

ಬ್ರೂಕ್ಲಿನ್‌ನ ಬರೋ ಪಾರ್ಕ್‌ನಿಂದ:

ನಮ್ಮಲ್ಲಿ ಶುಕ್ರವಾರ ಸಂಜೆ ಸೈರನ್ ಕೂಗುತ್ತದೆ. ಮೊದಲ ಸಲ ಕೇಳಿದವರು ಗಾಬರಿ ಆಗ್ತಾರೆ. ಶಬ್ಬಸ್ ಬಂತು ಅಂತ ಸೂಚನೆ, ಅಷ್ಟೇ. ಪಾಸೋವರ್ ಹಿಂದಿನ ಬೆಳಗ್ಗೆ ಬೀದಿ ಮೂಲೆಯಲ್ಲಿ ಬೆಂಕಿ ಹಾಕಿ, ಆ ಹಬ್ಬದಲ್ಲಿ ಮನೆಯಲ್ಲಿ ಇರಬಾರದು ಅಂತ ಉಳಿದ ಬ್ರೆಡ್ಡು ಬಿಸ್ಕತ್ತು ಸುಡುತ್ತಾರೆ. ಅಗ್ನಿಶಾಮಕದವರಿಗೂ ಗೊತ್ತಿರುವ ವಿಷಯ, ನೀವು ಫೋನ್ ಮಾಡಬೇಕಾಗಿಲ್ಲ.

ಗಂಡಸರು ಪರ ಹೆಂಗಸರ ಕೈ ಕುಲುಕಲ್ಲ, ಹೆಂಗಸರೂ ಅಷ್ಟೇ. ನೀವಾಗಿ ಕೈ ಚಾಚಬೇಡಿ. ಶನಿವಾರ ಅವರ ಫೋಟೋ ತೆಗೆಯಬೇಡಿ. ಶುಲ್ ಅಂದರೆ ಅವರ ಪ್ರಾರ್ಥನಾ ಮಂದಿರ. ಎಷ್ಟೋ ಶುಲ್‌ಗಳ ಮುಂದೆ ಈಗ ಕಾವಲುಗಾರರು ನಿಂತಿರುತ್ತಾರೆ. ಅಲ್ಲಿ ನಿಂತು ಕ್ಯಾಮೆರಾ ಹಿಡಿದರೆ ಅವರಿಗೆ ಭಯ ಆಗೋದು ಸಹಜ. ಇಸ್ರೇಲ್ ರಾಜಕೀಯವನ್ನು ಮೊದಲ ಭೇಟಿಯಲ್ಲಿ ಎತ್ತಬೇಡಿ. ಒಬ್ಬೊಬ್ಬರದ್ದು ಒಂದೊಂದು ನಿಲುವು.

ಕೇಳಿದವರು ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಸಂಕೋಚದ ಪ್ರಶ್ನೆ. ಗೃಹಪ್ರವೇಶಕ್ಕೆ ಅತ್ತೆ ಬಾಗಿಲ ಮೇಲೆ ಸ್ವಸ್ತಿಕ ಬರೀಬೇಕು ಅಂತಿದ್ದಾರೆ. ಬೇಡ ಅಂದರೆ ನೊಂದುಕೊಳ್ತಾರೆ. ಏನು ಮಾಡಲಿ?

ಅದೇ ಬಡಾವಣೆಯವರು:

ಕೇಳಿದ್ದು ಒಳ್ಳೇದಾಯಿತು. ಹೊರಬಾಗಿಲಿಗೆ ಬೇಡವೇ ಬೇಡ. ಈ ಬೀದಿಗಳಲ್ಲಿ ನಾಜಿ ಶಿಬಿರಗಳಿಂದ ಬದುಕಿ ಬಂದವರಿದ್ದಾರೆ, ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಅಪ್ಪ ಅಮ್ಮನನ್ನು ಕೊಂದವರ ಬಾವುಟದ ಮೇಲೆ ಕಂಡ ಗುರುತು ಪಕ್ಕದ ಬಾಗಿಲಲ್ಲಿ ಕಂಡರೆ, ನಾವು ವಿವರಿಸುವ ಮೊದಲೇ ಎದೆ ಒಡೆದಿರುತ್ತದೆ. 2008ರಲ್ಲಿ ಜೆರುಸಲೇಮಿನಲ್ಲಿ ಹಿಂದೂ ಮತ್ತು ಯಹೂದಿ ಧರ್ಮಗುರುಗಳು ಸೇರಿದ್ದಾಗ, ಸ್ವಸ್ತಿಕ ಹಿಂದೂಗಳಿಗೆ ಪುರಾತನವಾದ ಮಂಗಳ ಚಿಹ್ನೆ ಅಂತ ಇಬ್ಬರೂ ಒಪ್ಪಿ ಹೇಳಿಕೆ ಕೊಟ್ಟಿದ್ದಾರೆ. ಹಾಗಾಗಿ ನಮ್ಮದು ತಪ್ಪು ಅಂತಲ್ಲ. ಆದರೆ ರಸ್ತೆಯಲ್ಲಿ ಹೋಗುವ 90 ವರ್ಷದ ಅಜ್ಜಿಗೆ ಆ ಹೇಳಿಕೆ ಗೊತ್ತಿರಬೇಕು ಅಂತ ಬಯಸೋದು ನ್ಯಾಯ ಅಲ್ಲ.

ದೇವರ ಮನೆಯೊಳಗೆ ಧಾರಾಳವಾಗಿ ಬರೆಯಲಿ. ಬಾಗಿಲಿಗೆ ತೋರಣ, ಹೊಸ್ತಿಲಿಗೆ ಅರಿಶಿನ ಕುಂಕುಮ, ಮುಂದೆ ರಂಗೋಲಿ ಹಾಕಲಿ. ಹೊಸ ಕಾರು ತಗೊಂಡು ಪೂಜೆ ಮಾಡಿಸಿದರೆ ಬಾನೆಟ್ ಮೇಲೆ ಓಂ ಬರೆಯಿರಿ ಅಂತ ಅರ್ಚಕರಿಗೆ ಮೊದಲೇ ಹೇಳಿ. ಅತ್ತೆಯವರಿಗೆ ಕಾರಣ ಪೂರ್ತಿ ಹೇಳಿ. ನಮ್ಮ ಅಮ್ಮನಿಗೆ ಹೇಳಿದಾಗ ಅವರೇ "ಅಯ್ಯೋ ಪಾಪ, ಒಳಗೇ ಬರೆಯೋಣ" ಅಂದರು.

ಬಾಗಿಲ ಚೌಕಟ್ಟಿನಲ್ಲಿ ಓರೆಯಾಗಿ ಕೂರಿಸಿದ ಸಣ್ಣ ಕೊಳವೆ ಕಂಡರೆ ಮುಟ್ಟಬೇಡಿ. ಅದು ಮೆಝೂಝಾ. ಒಳಗೆ ಚರ್ಮದ ಸುರುಳಿಯ ಮೇಲೆ ಕೈಯಲ್ಲಿ ಬರೆದ ಪ್ರಾರ್ಥನೆ ಇರುತ್ತದೆ. ಪೇಂಟ್ ಮಾಡಿಸುವಾಗ ಓನರನ್ನೇ ಕೇಳಿ.

ಹಬ್ಬಗಳ ಬಗ್ಗೆ ನಾನು ಹೇಳಿರಲಿಲ್ಲ. ಅವರದೂ ಚಂದ್ರನ ಲೆಕ್ಕ. ನಮ್ಮ ಅಧಿಕ ಮಾಸದ ಹಾಗೆ 19 ವರ್ಷದಲ್ಲಿ 7 ಸಲ ಒಂದು ತಿಂಗಳು ಸೇರಿಸುತ್ತಾರೆ. ಅದಕ್ಕೇ ಅವರ ಹೊಸ ವರ್ಷ ಮತ್ತು ನಮ್ಮ ನವರಾತ್ರಿ ಎಷ್ಟೋ ಸಲ ಜೊತೆಗೇ ಬರುತ್ತವೆ. 2025ರಲ್ಲಿ ನವರಾತ್ರಿ ಶುರುವಾದ ಸೆಪ್ಟೆಂಬರ್ 22ರ ಸಂಜೆಯೇ ಅವರ ರೋಶ್ ಹಶಾನಾ ಶುರುವಾಯಿತು. ವಿಜಯದಶಮಿ ದಿನ, ಅಕ್ಟೋಬರ್ 2, ಅವರಿಗೆ ಯೋಮ್ ಕಿಪ್ಪುರ್, ನೀರೂ ಕುಡಿಯದ ಉಪವಾಸ. ಆ ದಿನ ಕೆಳಗೆ ಉಪವಾಸ, ಮೇಲೆ ಹಬ್ಬದೂಟ. ಹಾಡು, ಮಂಗಳಾರತಿ ಎಲ್ಲ ಮಾಡಿ, ದನಿ ಸ್ವಲ್ಪ ತಗ್ಗಿಸಿ. ಅದಾಗಿ ಕೆಲವೇ ದಿನಕ್ಕೆ ಅಂಗಳದಲ್ಲಿ ಸುಕ್ಕಾ ಕಟ್ಟುತ್ತಾರೆ, ಬಿದಿರು ಸೊಪ್ಪಿನ ಚಾವಣಿಯ ಚಪ್ಪರ. ಒಂದು ವಾರ ಊಟವೆಲ್ಲ ಅದರಲ್ಲೇ. ಮಗಳನ್ನು ಕರೆದರೆ ಕಳಿಸಿ, ಮಕ್ಕಳಿಗೆ ಅದಕ್ಕಿಂತ ಸಂಭ್ರಮ ಇಲ್ಲ. ಪೂರಿಮ್ ಹಬ್ಬಕ್ಕೆ ತಿಂಡಿ ಬುಟ್ಟಿ ನಿಮ್ಮ ಬಾಗಿಲಿಗೂ ಬರುತ್ತದೆ. ರಸ್ತೆ ಗುಡಿಸಲು ಕಾರು ಆಚೀಚೆ ಸರಿಸುವ ನಿಯಮ ಇದೆಯಲ್ಲ, ಅವರ ದೊಡ್ಡ ಹಬ್ಬಗಳಲ್ಲಿ ನಗರದವರು ಅದಕ್ಕೂ ರಜೆ ಕೊಡುತ್ತಾರೆ. ಸರ್ಕಾರಿ ಶಾಲೆಗಳಿಗೆ ರೋಶ್ ಹಶಾನಾ, ಯೋಮ್ ಕಿಪ್ಪುರ್ ರಜೆ ಇದೆ. 2024ರಿಂದ ನಮ್ಮ ದೀಪಾವಳಿಗೂ ಇದೆ.

ಮುಂಬೈ ಪಕ್ಕದ ಠಾಣೆ ನಗರದಿಂದ ಒಬ್ಬರು:

ನಿಮಗೆ ನೇರ ಉಪಯೋಗ ಇಲ್ಲದಿರಬಹುದು, ಆದರೂ ಹೇಳಬೇಕು ಅನ್ನಿಸಿತು. ಇಲ್ಲಿ ನಮ್ಮ ಪಕ್ಕದ ಮನೆಯವರು ಬೆನೆ ಇಸ್ರೇಲ್ ಯಹೂದಿಗಳು, ಮನೆಮಾತು ಮರಾಠಿ. ಮಾಂಸದ ಸಾರಿಗೆ ತೆಂಗಿನ ಹಾಲು ಹಾಕುತ್ತಾರೆ, ಹಸುವಿನ ಹಾಲು ಸೇರಿಸುವಂತಿಲ್ಲವಲ್ಲ. ಶುಭ ಕಾರ್ಯಕ್ಕೆ ಮಲಿದಾ ಮಾಡುತ್ತಾರೆ. ಅವಲಕ್ಕಿ, ಬೆಲ್ಲ, ತೆಂಗಿನತುರಿ, ಹಣ್ಣು. ಮೊದಲ ಸಲ ತಟ್ಟೆ ನೋಡಿದಾಗ ನಮ್ಮ ಮನೆ ಪ್ರಸಾದವೇ ಅನ್ನಿಸಿತು.

ಮುಂಬೈಯ ಅತ್ಯಂತ ಹಳೆಯ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ), 1796ರ 'ಕರುಣೆಯ ಬಾಗಿಲು', ಕಟ್ಟಿಸಿದ್ದು ಸ್ಯಾಮ್ಯುಯೆಲ್ ದಿವೇಕರ್. ಕಂಪನಿ ಸೈನ್ಯದಲ್ಲಿದ್ದ ಅವರು ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನಿಗೆ ಸೆರೆ ಸಿಕ್ಕಿದ್ದರು. ಟಿಪ್ಪುವಿನ ತಾಯಿ ಇವರ ಜೀವ ಉಳಿಸಿ ಅಂತ ಕೇಳಿಕೊಂಡರು ಅನ್ನೋ ಕಥೆಯನ್ನು ಈ ಸಮುದಾಯದವರು ಇಂದಿಗೂ ಹೇಳುತ್ತಾರೆ. ನಮ್ಮ ಪಕ್ಕದ ಮನೆ ಕಾಕಾ ನಾನು ಮಂಡ್ಯದವನು ಅಂತ ತಿಳಿದ ಕೂಡಲೇ ಕೂರಿಸಿಕೊಂಡು ಹೇಳಿದ ಮೊದಲ ಕಥೆ ಇದೇ.

ಕೇಳಿದವರು:

ಓದಿ ಧೈರ್ಯ ಬಂತು. ಅತ್ತೆಗೂ ಓದಿ ಹೇಳಿದೆ. ಶನಿವಾರ ಬೆಳಗ್ಗೆ ಸಾಮಾನಿನ ಟ್ರಕ್ ಬುಕ್ ಮಾಡಿದ್ದೇವೆ, ಪರವಾಗಿಲ್ವಾ?

ಅದೇ ಬಡಾವಣೆಯವರು:

ಇವತ್ತೇ ಫೋನ್ ಮಾಡಿ ಭಾನುವಾರಕ್ಕೆ ಬದಲಾಯಿಸಿ. ಶನಿವಾರ ನೀವು ಬರಬಾರದು ಅಂತ ಯಾರೂ ಹೇಳಲ್ಲ. ಆದರೆ ಓನರ್ ಶುಲ್‌ಗೆ ಹೋಗಿರುತ್ತಾರೆ. ಬಾಡಿಗೆ ಪತ್ರಕ್ಕೆ ಸಹಿ ಹಾಕುವಂತಿಲ್ಲ, ಚೆಕ್ ತಗೊಳ್ಳುವಂತಿಲ್ಲ. ಮಕ್ಕಳೆಲ್ಲ ನಡುರಸ್ತೆಯಲ್ಲೇ ಆಡುತ್ತಿರುತ್ತಾರೆ, ದೊಡ್ಡ ಟ್ರಕ್ ಹಿಂದೆ ಮುಂದೆ ಮಾಡೋದು ಅಪಾಯ. ಭಾನುವಾರ ಬಂದರೆ ಎಲ್ಲರೂ ಮನೆಯಲ್ಲೇ ಇರುತ್ತಾರೆ, ಮೆಟ್ಟಿಲ ಮೇಲೆ ಸೋಫಾ ಹತ್ತಿಸೋಕೆ ನಾಲ್ಕು ಹುಡುಗರು ತಾವಾಗಿ ಬರುತ್ತಾರೆ. ಮತ್ತೆ ಆ ಭಾನುವಾರ ಅವರ ಹಬ್ಬ ಏನಾದರೂ ಬಿದ್ದಿದೆಯಾ ಅಂತ ಓನರನ್ನು ಒಂದು ಮಾತು ಕೇಳಿ, ಆಮೇಲೆ ಟ್ರಕ್ಕಿನವರಿಗೆ ತಾರೀಕು ಹೇಳಿ.