ನರಾವೇಗ ಮುಗಿದೊಡನೆ ಪೊರೆಯನ್ನು ಮೊದಲಿನ ಸ್ಥಿತಿಗೆ ತರುವುದು ಸೋಡಿಯಂ-ಪೊಟ್ಯಾಸಿಯಂ ಪಂಪೇ?

ಪ್ರಶ್ನೆ (ಪಿಯುಸಿ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ವಿಶ್ರಾಂತ ನರಕೋಶದ ಒಳಭಾಗವು ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣಾತ್ಮಕವಾಗಿರುತ್ತದೆ, ಪ್ರಚೋದನೆಯಾದಾಗ ಸೋಡಿಯಂ ಒಳನುಗ್ಗಿ ಅದು ಧನಾತ್ಮಕವಾಗಿ ನರಾವೇಗ, ಅಂದರೆ ನರದ ವಿದ್ಯುತ್ ಸಂಕೇತ, ಹುಟ್ಟುತ್ತದೆ ಎಂಬುದು ನನಗೆ ಅರ್ಥವಾಗಿದೆ. ಮುಂದಿನ ಹಂತದಲ್ಲಿ ಗೊಂದಲವಿದೆ. ಒಂದು ಮಾರ್ಗದರ್ಶಿಯು, ಕೋಶದ ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪು (ಆವೇಶವುಳ್ಳ ಈ ಕಣಗಳನ್ನು, ಅಂದರೆ ಅಯಾನುಗಳನ್ನು, ಸಾಗಿಸುವ ಪ್ರೋಟೀನು) ಸೋಡಿಯಂ ಅನ್ನು ಹೊರಹಾಕುವುದರಿಂದ ಪೊರೆ ಮತ್ತೆ ಋಣಾತ್ಮಕವಾಗುತ್ತದೆ ಎನ್ನುತ್ತದೆ. ಇನ್ನೊಂದು, ಪೊಟ್ಯಾಸಿಯಂ ಹೊರಹರಿಯುವುದೇ ಕಾರಣ ಎನ್ನುತ್ತದೆ. ಒಂದು ಎಟಿಪಿ (ಕೋಶಕ್ಕೆ ಶಕ್ತಿ ಒದಗಿಸುವ ಅಣು) ವ್ಯಯಿಸಿ ಪಂಪು 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ ಸಾಗಿಸುತ್ತದೆ, ಅಂದರೆ ಪ್ರತಿ ಸುತ್ತಿನಲ್ಲೂ ಒಂದು ಧನಾವೇಶ ಹೊರಹೋಗುತ್ತದೆ. ಹಾಗಿರುವಾಗ ಮೊದಲನೆಯ ವಿವರಣೆ ಏಕೆ ಸರಿಯಲ್ಲ?

ಉತ್ತರ 1 (ಶರೀರಕ್ರಿಯಾಶಾಸ್ತ್ರದ ಅಧ್ಯಾಪಕ)

ಎರಡನೆಯದೇ ಸರಿ. ಕಾಲದ ಲೆಕ್ಕವನ್ನು ನೋಡಿದರೆ ಸಂದೇಹ ಉಳಿಯುವುದಿಲ್ಲ. ನರಾವೇಗವು ಒಂದು ಸ್ಥಳದಲ್ಲಿ ಹುಟ್ಟಿ ಇಳಿಯಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಸಾಕು. ಪಂಪಿನ ಒಂದು ಅಣುವಾದರೋ ದೇಹದ ಉಷ್ಣತೆಯಲ್ಲಿ ಸೆಕೆಂಡಿಗೆ ನೂರಿನ್ನೂರು ಸುತ್ತುಗಳನ್ನಷ್ಟೇ ಪೂರೈಸುತ್ತದೆ. ಅಂದರೆ ಒಂದು ಆವೇಗ ಮುಗಿಯುವುದರೊಳಗೆ ಅದರ ಒಂದು ಸುತ್ತೂ ಪೂರ್ಣವಾಗಿರುವುದಿಲ್ಲ. ತೆರೆದ ಅಯಾನು ವಾಹಿನಿಯೊಂದರ (ಪೊರೆಯಲ್ಲಿ ಅಯಾನು ಹಾಯುವ ದ್ವಾರದ) ಮೂಲಕ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಮೀರಿದ ವೇಗದಲ್ಲಿ ಅಯಾನುಗಳು ಹರಿಯಬಲ್ಲವು. ಸೋಡಿಯಂ ವಾಹಿನಿಗಳು ತಾವಾಗಿ ಮುಚ್ಚಿಕೊಂಡು, ಸ್ವಲ್ಪ ತಡವಾಗಿ ತೆರೆಯುವ ಪೊಟ್ಯಾಸಿಯಂ ವಾಹಿನಿಗಳಿಂದ ಪೊಟ್ಯಾಸಿಯಂ ಹೊರಹರಿದಾಗ ಪೊರೆ ಪುನಃ ಋಣಾತ್ಮಕವಾಗುತ್ತದೆ. ಇದನ್ನು ಹಾಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದೈತ್ಯ ನರತಂತುವಿನ ಮೇಲೆ ಪ್ರಯೋಗ ನಡೆಸಿ 1952ರಲ್ಲಿ ಗಣಿತದ ಸಮೀಕರಣಗಳ ಮೂಲಕ ವಿವರಿಸಿದರು.

ನೀವು ಹೇಳಿದ ಆ ಒಂದು ಧನಾವೇಶದ ಪರಿಣಾಮ ನಿಜವಾದದ್ದೇ, ಆದರೆ ವಿಶ್ರಾಂತ ವಿಭವಕ್ಕೆ (ವಿಶ್ರಾಂತ ಸ್ಥಿತಿಯ ವೋಲ್ಟೇಜಿಗೆ) ಅದರ ನೇರ ಕೊಡುಗೆ ಸಾಮಾನ್ಯವಾಗಿ ಕೆಲವೇ ಮಿಲಿವೋಲ್ಟ್‌ಗಳಷ್ಟು.

ಪ್ರಯೋಗದ ಸಾಕ್ಷ್ಯವೂ ಇದೆ. 1955ರಲ್ಲಿ ಹಾಜ್‌ಕಿನ್ ಮತ್ತು ಕೀನ್ಸ್ ಅವರು ಸಯನೈಡ್, ಡೈನೈಟ್ರೋಫಿನಾಲ್‌ನಂತಹ ವಿಷಗಳಿಂದ ತಂತುವಿನ ಶಕ್ತಿ ಪೂರೈಕೆಯನ್ನು ಕಡಿದಾಗ ಸೋಡಿಯಂ ಹೊರಸಾಗಣೆ ಬಹುಮಟ್ಟಿಗೆ ನಿಂತಿತು, ಆವೇಗಗಳು ಮಾತ್ರ ಮುಂದುವರಿದವು. ಇದಕ್ಕಿಂತಲೂ ನನ್ನ ಮನಸ್ಸನ್ನು ಹಿಡಿದಿರುವುದು 1960ರ ದಶಕದ ಆರಂಭದಲ್ಲಿ ಬೇಕರ್, ಹಾಜ್‌ಕಿನ್ ಮತ್ತು ಶಾ ಮಾಡಿದ ಪ್ರಯೋಗ. ಅವರು ದೈತ್ಯ ತಂತುವಿನ ಮೇಲೆ ರಬ್ಬರಿನ ಉರುಳೆಯನ್ನು ಹಾಯಿಸಿ, ಪೇಸ್ಟಿನ ಟ್ಯೂಬನ್ನು ಹಿಂಡುವಂತೆ ಒಳಗಿನ ದ್ರವ್ಯವನ್ನೆಲ್ಲ ಹಿಂಡಿ ತೆಗೆದು, ಬರಿದಾದ ಕೊಳವೆಯಲ್ಲಿ ಪೊಟ್ಯಾಸಿಯಂ ಲವಣದ ದ್ರಾವಣವನ್ನು ಹರಿಸಿದರು. ಎಟಿಪಿ ಸೇರಿಸದಿದ್ದರೂ ಆ ತಂತು ಸಾವಿರಾರು ಆವೇಗಗಳನ್ನು ಸಾಗಿಸಿತು. ಪೊರೆ ಮತ್ತು ಅದರ ಎರಡು ಬದಿಗಳ ಅಯಾನು ವ್ಯತ್ಯಾಸ, ಇವೆರಡೇ ಆ ಹೊತ್ತಿಗೆ ಸಾಕಾಗಿದ್ದವು.

ಪ್ರಶ್ನೆ ಕೇಳಿದವರು

ವಂದನೆಗಳು, ಸರ್. ಹಾಗಾದರೆ ಪಂಪು ಇಲ್ಲದೆಯೂ ನರ ಕೆಲಸ ಮಾಡಬಹುದೇ? ಮಿದುಳು ಬಳಸುವ ಶಕ್ತಿಯ ದೊಡ್ಡ ಪಾಲು ಪಂಪಿಗೇ ಹೋಗುತ್ತದೆ ಎಂದು ಓದಿದ್ದೇನೆ.

ಉತ್ತರ 2 (ಅದೇ ಅಧ್ಯಾಪಕ)

ಕೆಲವು ಕಾಲ ಮಾತ್ರ. ಅದು ಎಷ್ಟು ಕಾಲ ಎಂಬುದನ್ನು ತಂತುವಿನ ದಪ್ಪ ನಿರ್ಧರಿಸುತ್ತದೆ. ಒಂದು ಆವೇಗಕ್ಕೆ ಪೊರೆಯ ಪ್ರತಿ ಚದರ ಸೆಂಟಿಮೀಟರ್‌ನಲ್ಲಿ ಸುಮಾರು 3ರಿಂದ 4 ಪಿಕೊಮೋಲ್ ಪೊಟ್ಯಾಸಿಯಂ ಹೊರಹೋಗುತ್ತದೆ. ಅರ್ಧ ಮಿಲಿಮೀಟರ್ ವ್ಯಾಸದ ಸ್ಕ್ವಿಡ್ ತಂತುವಿಗೆ ಇದು ತನ್ನ ಸಂಗ್ರಹದ ಸುಮಾರು ಹತ್ತು ಲಕ್ಷದಲ್ಲೊಂದು ಪಾಲು. ನಮ್ಮಲ್ಲಿರುವ ಒಂದು ಮೈಕ್ರೊಮೀಟರ್ ವ್ಯಾಸದ ತಂತುವಿಗೆ ಇದೇ ಲೆಕ್ಕವನ್ನು ಅನ್ವಯಿಸಿದರೆ ನಷ್ಟವು ಸಾವಿರದಲ್ಲೊಂದು ಪಾಲಿನ ಆಸುಪಾಸಿಗೆ ಬರುತ್ತದೆ. ಸೆಕೆಂಡಿಗೆ ಹತ್ತಾರು ಆವೇಗಗಳನ್ನು ಕಳಿಸುವ ಅಂತಹ ತಂತುವಿನಲ್ಲಿ ಪಂಪು ನಿಂತರೆ ಅಯಾನು ವ್ಯತ್ಯಾಸ ಬೇಗನೆ ಕರಗುತ್ತದೆ. ಅಲ್ಲದೆ ಪಂಪು ನಿಂತ ಕೋಶಕ್ಕೆ ಸೋಡಿಯಂ, ಕ್ಲೋರೈಡ್ ಮತ್ತು ಅವುಗಳ ಬೆನ್ನಿಗೆ ನೀರು ಸೇರಿ ಕೋಶವೇ ಊದಿಕೊಳ್ಳುತ್ತದೆ. ಆದ್ದರಿಂದ ಪಂಪನ್ನು ಆವೇಗದ ಒಂದು ಹಂತವಾಗಿ ಬರೆಯಬೇಡಿ. ಆವೇಗಗಳು ಸಾಧ್ಯವಾಗುವ ಸ್ಥಿತಿಯನ್ನು ಹಿನ್ನೆಲೆಯಲ್ಲಿ ಎಡೆಬಿಡದೆ ಕಾಯ್ದುಕೊಳ್ಳುವ ವ್ಯವಸ್ಥೆಯೆಂದು ಬರೆಯಿರಿ.

ಉತ್ತರ 3 (ಸ್ನಾತಕೋತ್ತರ ವಿದ್ಯಾರ್ಥಿ)

ಇದೇ ತಿಳಿವಳಿಕೆಯನ್ನು ಸ್ನಾಯುವಿಗೆ ಹಾಗೆಯೇ ಹೊಂದಿಸಬಾರದು ಎಂಬುದನ್ನು ಸೇರಿಸಲು ಬಯಸುತ್ತೇನೆ. ಸ್ನಾಯುತಂತುವಿನ ಪೊರೆಯ ಮೇಲಿನ ಆವೇಗಕ್ಕೂ ಎಟಿಪಿ ನೇರವಾಗಿ ಬೇಕಿಲ್ಲ, ನಿಜ. ಆದರೆ ಅದರ ಫಲವಾಗಿ ಕ್ಯಾಲ್ಸಿಯಂ ಬಿಡುಗಡೆಯಾಗಿ ಟ್ರೋಪೋನಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡ ನಂತರ, ಆಕ್ಟಿನ್ ಎಂಬ ಪ್ರೋಟೀನಿನ ಎಳೆಯನ್ನು ಎಳೆದ, ಮಯೋಸಿನ್ ಎಂಬ ಇನ್ನೊಂದು ಪ್ರೋಟೀನಿನ ತಲೆ ಅಲ್ಲಿಂದ ಬಿಡಿಸಿಕೊಳ್ಳಲು ಪ್ರತಿ ಬಾರಿಯೂ ಹೊಸ ಎಟಿಪಿ ಬೇಕೇಬೇಕು. ಸತ್ತ ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುವುದು ಎಟಿಪಿ ಮುಗಿದು ತಲೆಗಳು ಅಂಟಿದಲ್ಲೇ ಉಳಿಯುವುದರಿಂದ. ಕ್ಯಾಲ್ಸಿಯಂ ಅನ್ನು ಮರಳಿ ಸಂಗ್ರಹಕ್ಕೆ ಸೇರಿಸುವ ಪಂಪಿಗೂ ಎಟಿಪಿಯೇ ಆಧಾರ, ಹಾಗಾಗಿ ಸ್ನಾಯು ಸಡಿಲಗೊಳ್ಳುವುದೂ ಶಕ್ತಿಯ ಖರ್ಚಿನ ಕೆಲಸವೇ.

ಉತ್ತರ 4 (ವೈದ್ಯೆ)

ಮೂತ್ರಪಿಂಡ ವೈಫಲ್ಯದಲ್ಲಿ ರಕ್ತದ ಪೊಟ್ಯಾಸಿಯಂ ಏರಿದಾಗ ಈ ಚರ್ಚೆ ರೋಗಿಯ ಹಾಸಿಗೆಯ ಪಕ್ಕಕ್ಕೇ ಬರುತ್ತದೆ. ಕೋಶದೊಳಗಿನ ಸಾಂದ್ರತೆ 140 ಇರುವಾಗ ಹೊರಗಿನದು ಲೀಟರಿಗೆ 4 ಮಿಲಿಮೋಲ್‌ನಿಂದ 8ಕ್ಕೆ ಏರಿದರೆ ಪೊಟ್ಯಾಸಿಯಂನ ಸಮತೋಲನ ವಿಭವವು (ಅದರ ಒಳಹರಿವು, ಹೊರಹರಿವು ಸಮನಾಗುವ ವೋಲ್ಟೇಜು) ಸುಮಾರು ‑94ರಿಂದ ‑76 ಮಿಲಿವೋಲ್ಟ್‌ಗೆ ಸರಿಯುತ್ತದೆ. ಪೊರೆ ಹೀಗೆ ಸತತವಾಗಿ ಕಡಿಮೆ ಋಣಾತ್ಮಕವಾಗಿ ಉಳಿದರೆ ಸೋಡಿಯಂ ವಾಹಿನಿಗಳು ನಿಷ್ಕ್ರಿಯಗೊಂಡು, ಸ್ನಾಯುಗಳು ಬಲಗುಂದಿ, ಹೃದಯದ ಲಯ ತಪ್ಪಬಹುದು. ಆಗ ಮೊದಲು ಕ್ಯಾಲ್ಸಿಯಂ ಗ್ಲುಕೊನೇಟ್ ಕೊಡುತ್ತೇವೆ. ಅದು ಪೊಟ್ಯಾಸಿಯಂ ಅನ್ನು ಇಳಿಸದಿದ್ದರೂ ಹೃದಯದ ಪೊರೆಯನ್ನು ಕೆಲವೇ ನಿಮಿಷಗಳಲ್ಲಿ ಸ್ಥಿರಗೊಳಿಸುತ್ತದೆ. ಜೊತೆಗೆ ಗ್ಲೂಕೋಸಿನೊಂದಿಗೆ ಕೊಡುವ ಇನ್ಸುಲಿನ್, ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ಚುರುಕುಗೊಳಿಸಿ ಪೊಟ್ಯಾಸಿಯಂ ಅನ್ನು ಕೋಶದೊಳಕ್ಕೆ ಸೇರಿಸುತ್ತದೆ. ಅದರ ಪರಿಣಾಮ ಕಾಣಿಸಲು ಹದಿನೈದಿಪ್ಪತ್ತು ನಿಮಿಷಗಳಾದರೂ ಬೇಕು, ಕ್ಯಾಲ್ಸಿಯಂ ಕೊಡುವುದು ಆ ಅವಧಿಯನ್ನು ದಾಟಿಸುವುದಕ್ಕಾಗಿಯೇ.