ಸಾವಿನ್ಯೋನ್ ಬ್ಲಾಂಕ್: ಒಂದು ಟ್ಯಾಂಕ್‌ನಲ್ಲಿ ಸೀಬೆಹಣ್ಣು, ಪಕ್ಕದ್ದರಲ್ಲಿ ಕೊಳೆತ ಮೊಟ್ಟೆ. ಯಾಕೆ?

ನಂದಿತಪ್ಪಲು:
ಸಾವಿನ್ಯೋನ್ ಬ್ಲಾಂಕ್ ಅನ್ನೋ ಬಿಳಿ ವೈನ್ ದ್ರಾಕ್ಷಿ, ದೊಡ್ಡಬಳ್ಳಾಪುರ ಕಡೆಯ ಒಂದೇ ತೋಟದ ಹಣ್ಣು, ತಲಾ 1000 ಲೀಟರಿನ ಎರಡು ಟ್ಯಾಂಕ್. ಎರಡೂ 22 ಬ್ರಿಕ್ಸ್ (ರಸದ ಸಕ್ಕರೆಯ ಅಳತೆ), ಪಿಎಚ್ 3.4. ಯೀಸ್ಟ್ ಒಂದೇ, ಉಷ್ಣತೆ 14 ಡಿಗ್ರಿ. ವ್ಯತ್ಯಾಸ ಇಷ್ಟೇ: ಎರಡನೇ ಟ್ಯಾಂಕಿನ ರಸವನ್ನು ಇನ್ನೂ ಒಂದು ದಿನ ತಂಪಿನಲ್ಲಿ ತಂಗಲು ಬಿಟ್ಟು, ಪೂರ್ತಿ ತಿಳಿಯಾದ ಮೇಲೆ ಯೀಸ್ಟ್ ಹಾಕಿದ್ದು. ಹಿಂಡಿದ ದಿನ ಎರಡೂ ರಸ ಮೂಸಿದರೆ ಸಪ್ಪೆ. ಈಗ 10 ಬ್ರಿಕ್ಸ್‌ಗೆ ಇಳಿದಿದೆ. ಮೊದಲನೆಯದು ಸೀಬೆಹಣ್ಣಿನ ಹಾಗೆ ಘಮ್ ಅಂತಿದೆ, ಎರಡನೆಯದರ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ. ರಸದಲ್ಲಿ ಇಲ್ಲದ ಸೀಬೆ ವಾಸನೆ ಎಲ್ಲಿಂದ ಬಂತು? ಮೊಟ್ಟೆ ವಾಸನೆ ತೆಗೆಯೋಕೆ ಎರಡನೇ ಟ್ಯಾಂಕಿಗೆ ಈಗಲೇ ಕಾಪರ್ ಸಲ್ಫೇಟ್ ಹಾಕಿಬಿಡಲಾ?

ಟ್ಯಾಂಕ್‌ಮನೆ:
ಕಾಪರ್ ಮುಟ್ಟಬೇಡಿ. ಕಾರಣ ಕೆಳಗೆ ಬೇರೆಯವರು ಹೇಳುತ್ತಾರೆ, ಮೊದಲು ಟ್ಯಾಂಕ್ ನೋಡಿಕೊಳ್ಳೋಣ.

ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು. ಯೀಸ್ಟ್ ತನಗೆ ಬೇಕಾದ ಗಂಧಕದ ಅಮೈನೋ ಆಮ್ಲಗಳನ್ನು ತಾನೇ ಮಾಡಿಕೊಳ್ಳುತ್ತೆ. ರಸದಲ್ಲಿರುವ ಸಲ್ಫೇಟನ್ನು ಒಳಗೆಳೆದು ಸಲ್ಫೈಡ್ ಮಾಡುತ್ತೆ, ಅದನ್ನು ಸಾರಜನಕ ಇರುವ ಇನ್ನೊಂದು ಅಣುವಿಗೆ ಜೋಡಿಸುತ್ತೆ. ಸಾರಜನಕ ಸಾಲದಿದ್ದರೆ ಜೋಡಿಸೋಕೆ ಆ ಅಣುವೇ ಇಲ್ಲ. ಸಲ್ಫೈಡ್ ತಯಾರಿ ಮಾತ್ರ ನಿಲ್ಲೋದಿಲ್ಲ, ಮಿಕ್ಕದ್ದು ಹೊರಗೆ ಸೋರುತ್ತೆ. ನಿಮ್ಮ ಎರಡನೇ ರಸವನ್ನು ಅತಿಯಾಗಿ ತಿಳಿ ಮಾಡಿದ್ದೀರಿ. ಗಸಿಯ ಜೊತೆ ಯೀಸ್ಟ್‌ಗೆ ಬೇಕಾದ ಕೊಬ್ಬಿನಂಶ, ಪೋಷಕಾಂಶವೂ ಹೋಯಿತು. ಮುಂದಿನ ಸಲ 100ರಿಂದ 200 ಎನ್‌ಟಿಯು (ಮಬ್ಬಿನ ಅಳತೆ) ಮಬ್ಬು ಉಳಿಸಿ. 50ಕ್ಕಿಂತ ಕೆಳಗೆ ಹೋದರೆ ಯೀಸ್ಟ್ ಒದ್ದಾಡುತ್ತೆ.

ಇವತ್ತೇ ಮಾಡಬೇಕಾದ್ದು: 240 ಗ್ರಾಂ ಡಿಎಪಿ (ಡೈಅಮೋನಿಯಂ ಫಾಸ್ಫೇಟ್), ಅಂದರೆ ಲೀಟರಿಗೆ ಸುಮಾರು 50 ಮಿಗ್ರಾಂ ಸಾರಜನಕ. ಫುಡ್ ಗ್ರೇಡ್ ಮಾತ್ರ. ಗೊಬ್ಬರದಂಗಡಿಯ ಡಿಎಪಿಯನ್ನು ಯಾವ ಕಾರಣಕ್ಕೂ ಹಾಕಬೇಡಿ. ಜೊತೆಗೆ ನಿಷ್ಕ್ರಿಯ ಯೀಸ್ಟ್ ಪುಡಿ 200ರಿಂದ 300 ಗ್ರಾಂ. ಎರಡನ್ನೂ ಒಂದು ಬಕೆಟ್ ನೀರಲ್ಲಿ ಕರಗಿಸಿ ನಿಧಾನ ಹುಯ್ಯಿರಿ. ಒಣಪುಡಿ ಸುರಿದರೆ ನೊರೆ ಉಕ್ಕಿ ನೆಲಕ್ಕೆ ಬರುತ್ತೆ. ಆಮೇಲೆ ಅದೇ ರಸವನ್ನು ಕೆಳಗಿಂದ ತೆಗೆದು, ಗಾಳಿ ತಾಗುವ ಹಾಗೆ ಮೇಲಿಂದ ಒಂದು ಸಲ ಪಂಪ್ ಮಾಡಿ. ಹುದುಗು ಜೋರಾಗಿರುವಾಗ ಯೀಸ್ಟ್ ಆ ಆಮ್ಲಜನಕವನ್ನು ಬೇಗ ಕುಡಿದುಬಿಡುತ್ತೆ, ವೈನ್ ಕೆಡೋದಿಲ್ಲ. ಇದನ್ನೆಲ್ಲ ತಡ ಮಾಡಬೇಡಿ. ಆಲ್ಕೋಹಾಲ್ 10 ಶೇಕಡ ದಾಟಿದ ಮೇಲೆ ಯೀಸ್ಟ್ ಡಿಎಪಿಯನ್ನು ಒಳಗೆ ತಗೊಳ್ಳೋದೇ ಇಲ್ಲ, ಅದು ಹಾಗೇ ಉಳಿದು ಬೇಡದ ಸೂಕ್ಷ್ಮಜೀವಿಗಳಿಗೆ ಊಟವಾಗುತ್ತೆ.

ಮುಂದಿನ ಸಲಕ್ಕೆ ಯೀಸ್ಟ್ ಹಾಕುವ ಮೊದಲೇ ಸಾರಜನಕ ಅಳೆಯಿರಿ, ಫಾರ್ಮಾಲ್ ಟೈಟ್ರೇಶನ್ ಸಾಕು. ಸಲ್ಫರ್ ಡೈಆಕ್ಸೈಡ್ ಹಾಕದ 50 ಮಿಲೀ ರಸವನ್ನು ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 8.2ಕ್ಕೆ ತನ್ನಿ. ಮೊದಲೇ 8.2ಕ್ಕೆ ತಂದಿಟ್ಟ ಫಾರ್ಮಾಲಿನ್ ಸೇರಿಸಿ. ಪಿಎಚ್ ಬೀಳುತ್ತೆ. ಮತ್ತೆ 8.2ಕ್ಕೆ ತರಲು ಅದೇ ಹೈಡ್ರಾಕ್ಸೈಡ್‌ನ 0.1 ನಾರ್ಮಲ್ ದ್ರಾವಣ ಎಷ್ಟು ಮಿಲೀ ಬೇಕಾಯಿತೋ ಅದನ್ನು 28ರಿಂದ ಗುಣಿಸಿ. ಲೀಟರಿಗೆ ಇಷ್ಟು ಮಿಗ್ರಾಂ ಸಾರಜನಕ ಅಂತ ಲೆಕ್ಕ. 150ಕ್ಕಿಂತ ಕಮ್ಮಿ ಬಂದರೆ ಮೊಟ್ಟೆ ವಾಸನೆಗೆ ಸಿದ್ಧರಾಗಿರಿ. ಫಾರ್ಮಾಲಿನ್ ಆವಿ ವಿಷ, ಕಿಟಕಿ ತೆಗೆದು ಗ್ಲೌಸ್ ಹಾಕಿ ಮಾಡಿ.

ಗಂಧಕಪ್ರಿಯ:
ಮೊದಲನೇ ಟ್ಯಾಂಕಿನ ಸೀಬೆಯೂ ಗಂಧಕವೇ! ಅದಕ್ಕೇ ಕಾಪರ್ ಬೇಡ ಅಂದಿದ್ದು. ತಾಮ್ರ ಮೊಟ್ಟೆ ವಾಸನೆಯನ್ನು ಹಿಡಿಯುವ ರೀತಿಯಲ್ಲೇ ಸೀಬೆ ವಾಸನೆಯನ್ನೂ ಹಿಡಿದು ಮುಗಿಸುತ್ತೆ.

ಈ ತಳಿಯ ಘಮಕ್ಕೆ ಮುಖ್ಯ ಕಾರಣ ಥಯೋಲ್‌ಗಳು, ಅಂದರೆ ಗಂಧಕ ಇರುವ ವಾಸನೆಯ ಅಣುಗಳು. ಫ್ರಾನ್ಸಿನ ಬೋರ್ಡೋದಲ್ಲಿ ವಿಜ್ಞಾನಿಗಳಾದ ತೊಮಿನಾಗ, ದುಬೂರ್ದಿಯೊ ಮತ್ತು ಸಂಗಡಿಗರು 1990ರ ದಶಕದಲ್ಲಿ ಇವನ್ನು ಗುರುತಿಸಿದರು. ಅವುಗಳಲ್ಲಿ 3ಎಂಎಚ್ ಅನ್ನುವ ಥಯೋಲ್ ಸೀಬೆ, ಚಕ್ಕೋತದ ಕಡೆಯ ವಾಸನೆ. ಲೀಟರಿಗೆ 60 ನ್ಯಾನೋಗ್ರಾಂ ಇದ್ದರೆ ಮೂಗಿಗೆ ಗೊತ್ತಾಗುತ್ತೆ. ಅದರ ಅಸಿಟೇಟ್ ರೂಪ ಪ್ಯಾಶನ್ ಫ್ರೂಟ್, 4 ನ್ಯಾನೋಗ್ರಾಂ ಸಾಕು. ಹಣ್ಣಿನಲ್ಲಿ ಇವು ಬಿಡಿಯಾಗಿ ಇರೋದಿಲ್ಲ. ಸಿಸ್ಟೀನ್‌ಗೋ ಗ್ಲುಟಾಥಯೋನ್‌ಗೋ ಅಂಟಿಕೊಂಡಿರುತ್ತವೆ. ಅಂಟಿಕೊಂಡ ಅಣು ಹಾರಲಾರದು, ಅದಕ್ಕೆ ರಸ ಸಪ್ಪೆ. ಯೀಸ್ಟ್ ಅದನ್ನು ಒಳಗೆಳೆದು, ಲಯೇಸ್ ಕಿಣ್ವದಿಂದ ಇಂಗಾಲ-ಗಂಧಕ ಕೊಂಡಿ ಕತ್ತರಿಸುತ್ತೆ. ಈ ಕೆಲಸದ ಮುಖ್ಯ ಜೀನ್ ಐಆರ್‌ಸಿ7. ಎಷ್ಟೋ ಯೀಸ್ಟ್ ತಳಿಗಳಲ್ಲಿ ಈ ಜೀನ್‌ನ ಒಂದು ತುಂಡು ಕಳೆದುಹೋಗಿದೆ, ಅವು ಕತ್ತರಿಸುವುದರಲ್ಲಿ ಮೊಂಡು. ಚುರುಕು ಯೀಸ್ಟ್ ಕೂಡ ಇದ್ದುದರಲ್ಲಿ ಸಣ್ಣ ಪಾಲನ್ನಷ್ಟೇ ಬಿಡಿಸುತ್ತೆ.

ತೋಟದಲ್ಲೇ ಪರೀಕ್ಷೆ ಮಾಡಬಹುದು. ಹಣ್ಣನ್ನು ಸಿಪ್ಪೆ ಸಮೇತ ಚೆನ್ನಾಗಿ ಅಗಿದು ನುಂಗಿ, ಬಾಯಿ ಮುಚ್ಚಿ ಅರ್ಧ ನಿಮಿಷ ಸುಮ್ಮನಿರಿ. ಅಗಿಯುವಾಗ ಇಲ್ಲದ ವಾಸನೆ ಆಮೇಲೆ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತೆ. ಬಾಯಲ್ಲಿರುವ ಬ್ಯಾಕ್ಟೀರಿಯಾ ಕೂಡ ಇದೇ ಕೊಂಡಿ ಕತ್ತರಿಸುತ್ತವೆ.

ಡಿಎಪಿ ವಿಷಯದಲ್ಲಿ ಒಂದು ಮಾತು ಸೇರಿಸ್ತೀನಿ. ಹುದುಗಿನ ಶುರುವಿನಲ್ಲೇ ಅದನ್ನು ಧಾರಾಳ ಸುರಿದರೆ ಥಯೋಲ್ ಕಮ್ಮಿಯಾಗುತ್ತೆ. ಸುಲಭದ ಅಮೋನಿಯಂ ಸಿಕ್ಕರೆ ಯೀಸ್ಟ್ ಕಷ್ಟದ ಅಣುಗಳ ಗೋಜಿಗೆ ಹೋಗದು, ಐಆರ್‌ಸಿ7 ಕೂಡ ಅಡಗುತ್ತೆ. ಶುರುವಿಗೆ ಸಾವಯವ ಪೋಷಕ, ಸಕ್ಕರೆ ಮೂರನೇ ಒಂದು ಭಾಗ ಇಳಿದ ಮೇಲೆ ಡಿಎಪಿ. ಈ ಕ್ರಮ ಒಳ್ಳೇದು.

ಬಳ್ಳಿಬೇಸಾಯ:
ತೋಟದ ಕಡೆ ಯಾರೂ ನೋಡಲಿಲ್ಲ. ಬೂದಿ ರೋಗಕ್ಕೆ ಗಂಧಕದ ಪುಡಿ ಯಾವಾಗ ಹೊಡೆದಿರಿ? ಕಾಯಿ ಮೇಲೆ ಉಳಿದ ಗಂಧಕ ಹುದುಗಿನಲ್ಲಿ ನೇರವಾಗಿ ಹೈಡ್ರೋಜನ್ ಸಲ್ಫೈಡ್ ಆಗುತ್ತೆ. ಕಟಾವಿಗೆ ಐದು ವಾರ ಮುಂಚೆ ನಿಲ್ಲಿಸಿ. ಬೂಜು ತುಪ್ಪಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ್ದು ಇನ್ನೊಂದು ಕಥೆ. ಅದರ ತಾಮ್ರ ರಸಕ್ಕೆ ಬಂದರೆ ಸೀಬೆಯನ್ನು ಟ್ಯಾಂಕಿಗೆ ಮುಂಚೆಯೇ ಕಳೆದುಕೊಂಡಿರಿ ಅಂತ ಲೆಕ್ಕ. ಕೊನೆಕೊನೆಯ ಸಿಂಪಡಣೆಗಳಲ್ಲಿ ತಾಮ್ರ ಬಿಡಿ.

ಕಟಾವು ಬೆಳಗಿನ ಜಾವ, ಬಿಸಿಲೇರುವ ಮುಂಚೆ ಮುಗಿಯಬೇಕು. ಹಿಂಡುವಾಗ 1000 ಲೀಟರಿಗೆ 88 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಅಂದರೆ ಲೀಟರಿಗೆ 50 ಮಿಗ್ರಾಂ ಸಲ್ಫರ್ ಡೈಆಕ್ಸೈಡ್. ಪ್ರೆಸ್ ಬಿಗಿ ಮಾಡಿ ಕೊನೆಗೆ ತೆಗೆದ ರಸ ಬೇರೆ ಇಡಿ. ಅದರಲ್ಲಿನ ಫೀನಾಲ್‌ಗಳು ಗಾಳಿ ತಾಗಿ ಕಂದಾಗಿ, ಆಮೇಲೆ ಹುಟ್ಟುವ ಥಯೋಲ್‌ಗಳನ್ನು ನುಂಗುತ್ತವೆ.

ಹುಳಿರುಚಿ:
ನಡುವೆ ಬಾಯಿ ಹಾಕ್ತಿದೀನಿ. ಬೆಂಗಳೂರು ಬ್ಲೂ ಹಣ್ಣು, ಜ್ಯೂಸು, ವೈನು ಮೂರೂ ಒಂದೇ ವಾಸನೆ ಯಾಕೆ?

ಗಂಧಕಪ್ರಿಯ:
ಅಲ್ಲಿ ಕೊಂಡಿಯ ಪ್ರಶ್ನೆಯೇ ಇಲ್ಲ. ಅದು ಲಬ್ರುಸ್ಕಾ ಅನ್ನೋ ಅಮೆರಿಕದ ದ್ರಾಕ್ಷಿ ಜಾತಿಯ ವಂಶದ್ದು, ಅದರ ವಾಸನೆಯ ಅಣುವಾದ ಮೀಥೈಲ್ ಆಂಥ್ರಾನಿಲೇಟ್ ಹಣ್ಣಲ್ಲೇ ಬಿಡಿಯಾಗಿ ತಯಾರಿರುತ್ತೆ. ದ್ರಾಕ್ಷಿ ಪೆಪ್ಪರ್‌ಮೆಂಟಿಗೆ ಹಾಕುವುದೂ ಅದನ್ನೇ. ಯೀಸ್ಟ್ ಅದನ್ನು ಅಷ್ಟಾಗಿ ಮುಟ್ಟೋದಿಲ್ಲ. ಹಣ್ಣಾದಷ್ಟೂ ಏರುತ್ತೆ, ಬೇಡವಾದರೆ ಸ್ವಲ್ಪ ಮೊದಲೇ ಕೊಯ್ದು ಸಿಪ್ಪೆಯ ಜೊತೆ ಕಡಿಮೆ ಹೊತ್ತು ಬಿಡಿ.

ನಂದಿತಪ್ಪಲು:
ಡಿಎಪಿ ಹಾಕಿ ಗಾಳಿ ಕೊಟ್ಟೆ, ವಾಸನೆ ಅರ್ಧಕ್ಕರ್ಧ ಇಳಿದಿದೆ. 14 ಡಿಗ್ರಿಯಲ್ಲೇ ಮುಂದುವರಿಸಲಾ?

ಟ್ಯಾಂಕ್‌ಮನೆ:
ಹೌದು, ಏರಿಸಿದರೆ ಘಮ ಹಾರಿಹೋಗುತ್ತೆ.

ಗಂಧಕಪ್ರಿಯ:
ಎಸ್ಟರ್ ಅನ್ನೋ ಬೇರೆ ಬಗೆಯ ಹಣ್ಣಿನ ವಾಸನೆಗಳಿಗೆ ಆ ಮಾತು ಸರಿ, ಬಾಳೆಹಣ್ಣಿನ ವಾಸನೆ ತಂಪಲ್ಲೇ ಉಳಿಯೋದು. ಥಯೋಲ್‌ಗೆ ಅಲ್ಲ. 13 ಡಿಗ್ರಿಗಿಂತ 18-20ರಲ್ಲಿ ಯೀಸ್ಟ್ ಹೆಚ್ಚು ಬಿಡಿಸುತ್ತೆ. ಎರಡನೆಯದನ್ನು 17ಕ್ಕೆ ಏರಿಸಿ. ಸೋತ ಯೀಸ್ಟ್‌ಗೂ ಅದು ಅನುಕೂಲ.

ಟ್ಯಾಂಕ್‌ಮನೆ:
ಸೋತ ಯೀಸ್ಟ್ ಅನ್ನೋ ಕಾರಣಕ್ಕೆ ಒಪ್ಪಿದೆ. ಮೊದಲನೇ ಟ್ಯಾಂಕ್ ಹಾಗೇ ಇರಲಿ.

ಹುದುಗು ಮುಗಿದ ಮೇಲೂ ವಾಸನೆ ಉಳಿದರೆ ತಳದ ದಪ್ಪ ಗಸಿಯಿಂದ ಬೇಗ ಬೇರ್ಪಡಿಸಿ, ಆಮೇಲೆ ಗ್ಲಾಸಿನಲ್ಲಿ ಪರೀಕ್ಷೆ. 1 ಗ್ರಾಂ ಕಾಪರ್ ಸಲ್ಫೇಟ್ ಹರಳನ್ನು 1 ಲೀಟರ್ ನೀರಲ್ಲಿ ಕರಗಿಸಿ. ಎರಡು ಗ್ಲಾಸಿಗೆ ತಲಾ 50 ಮಿಲೀ ವೈನ್, ಒಂದಕ್ಕೆ ಮಾತ್ರ ಆ ದ್ರಾವಣ 0.1 ಮಿಲೀ. ಲೀಟರಿಗೆ 0.5 ಮಿಗ್ರಾಂ ತಾಮ್ರವಾಯಿತು. ಮೂಸಿ ನೋಡಿ, ಕುಡಿಯಬೇಡಿ. ಮೊಟ್ಟೆ ಹೋಗಿ ಸೀಬೆ ಉಳಿದರೆ ಅದರ ಅರ್ಧ, ಕಾಲು ಪ್ರಮಾಣದಲ್ಲೂ ನೋಡಿ, ಕೆಲಸ ಮಾಡುವ ಅತಿ ಕಡಿಮೆ ಅಳತೆಯನ್ನೇ ಟ್ಯಾಂಕಿಗೆ ಹಾಕಿ. ಎರಡೂ ಹೋದರೆ, ತಾಮ್ರ ಹಾಕಿದ ಆ ಟ್ಯಾಂಕನ್ನು ಬೇರೆ ಬ್ಲೆಂಡಿಗೆ ಇಟ್ಟುಕೊಳ್ಳಿ, ಮೊದಲನೆಯದಕ್ಕೆ ಬೆರೆಸಬೇಡಿ; ಉಳಿದ ತಾಮ್ರ ಅಲ್ಲಿಯ ಸೀಬೆಯನ್ನೂ ತಿನ್ನುತ್ತೆ.

ಗಂಧಕಪ್ರಿಯ:
ಮೊದಲನೆಯದನ್ನು ಬಾಟಲಿ ಮಾಡಿ ಗೋಡೌನ್‌ನಲ್ಲಿ 30 ಡಿಗ್ರಿಗೆ ಬಿಡಬೇಡಿ. ಪ್ಯಾಶನ್ ಫ್ರೂಟ್‌ನ ಅಸಿಟೇಟ್ ಶಾಖಕ್ಕೆ ಬೇಗ ಒಡೆದು 3ಎಂಎಚ್ ಆಗುತ್ತೆ, ವಾಸನೆ ಮಂಕಾಗುತ್ತೆ. 12ರಿಂದ 15 ಡಿಗ್ರಿ, ಬಿಡಿ ಸಲ್ಫರ್ ಡೈಆಕ್ಸೈಡ್ ಲೀಟರಿಗೆ 30 ಮಿಗ್ರಾಂ, ಸ್ಕ್ರೂ ಕ್ಯಾಪ್. ವರ್ಷದೊಳಗೆ ಮಾರಿಬಿಡಿ.