ಐ10 ಬೆಲ್ಟ್ ಈಗಲೇ ಬದಲಿಸಬೇಕಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮೊನ್ನೆ ಸೆಕೆಂಡ್ ಹ್ಯಾಂಡ್ ಹ್ಯುಂಡೈ ಐ10 ಕಾರು ತಗೊಂಡೆ. 2009ರ ಮಾಡೆಲ್, 1.1 ಲೀಟರ್ ಪೆಟ್ರೋಲ್ ಎಂಜಿನ್, 82,000 ಕಿ.ಮೀ. ಓಡಿದೆ. ಟೈಮಿಂಗ್ ಬೆಲ್ಟ್ (ಎಂಜಿನ್ ವಾಲ್ವ್‌ಗಳನ್ನು ಸರಿಯಾದ ಸಮಯಕ್ಕೆ ತೆರೆದು ಮುಚ್ಚಿಸುವ ರಬ್ಬರ್ ಬೆಲ್ಟ್) ಯಾವಾಗ ಬದಲಿಸಿದ್ದಾರೆ ಅಂತ ಹಳೇ ಓನರ್‌ಗೂ ಗೊತ್ತಿಲ್ಲ, ಸರ್ವಿಸ್ ಬುಕ್ ಅಂತೂ ಇಲ್ಲವೇ ಇಲ್ಲ.

ನಮ್ಮ ಏರಿಯಾ ಮೆಕ್ಯಾನಿಕ್ 'ಇದು ಚೈನ್ ಸಾರ್, ಮುಟ್ಟೋದೇ ಬೇಡ' ಅಂದರು. ಆದರೆ ಚೈನ್ ಇರುವುದು 1.2 ಕಪ್ಪಾ ಎಂಜಿನ್‌ನಲ್ಲಿ, 1.1ರಲ್ಲಿ ಬೆಲ್ಟೇ ಅಲ್ವಾ? ಅನುಮಾನ ಬಂದು ನಾನೇ ಮೇಲಿನ ಪ್ಲಾಸ್ಟಿಕ್ ಕವರ್ ಸ್ವಲ್ಪ ಸಡಿಲಿಸಿ ಟಾರ್ಚ್ ಬಿಟ್ಟು ನೋಡಿದೆ. ಕಪ್ಪು ರಬ್ಬರ್, ಹಲ್ಲುಗಳ ಬುಡದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು, ಒಂದು ಅಂಚಿನಲ್ಲಿ ಆಯಿಲ್ ಜಿಡ್ಡು. ಚೈನ್ ಆದರೆ ಆಯಿಲ್‌ನಲ್ಲೇ ಓಡುತ್ತದೆ, ಸವೆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಗಲಗಲ ಸದ್ದು ಮಾಡಿ ಮೊದಲೇ ಹೇಳುತ್ತದೆ. ಬೆಲ್ಟ್‌ಗೆ ಆಯಿಲ್ ತಾಗಿದರೆ ರಬ್ಬರ್ ಹಾಳು, ಮತ್ತೆ ಅದು ಸುಮ್ನೆ ಒಂದು ದಿನ ಪಟ್ ಅಂತ ಕಡಿಯುತ್ತದೆ. ನಾನು ವಾರಕ್ಕೊಮ್ಮೆ ಹಾಸನದಿಂದ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗುವವನು, ಘಾಟಿಯ ಮಧ್ಯೆ ಗಾಡಿ ನಿಂತರೆ ಕಥೆ ಏನು ಹೇಳಿ!

ಬೆಲ್ಟ್ ಜೊತೆ ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿ ಹಿಡಿಯುವ ರೋಲರ್), ಆಯಿಲ್ ಹೊರಗೆ ಸೋರದಂತೆ ತಡೆಯುವ ಆಯಿಲ್ ಸೀಲ್ ಎಲ್ಲಾ ಒಟ್ಟಿಗೇ ಹಾಕಿಸಬೇಕಾ? ಹಳೇ ಸೀಲ್ ಹಾಗೇ ಬಿಟ್ಟರೆ ಹೊಸ ಬೆಲ್ಟ್‌ಗೂ ಆಯಿಲ್ ತಾಗುತ್ತದೆ ಅನ್ನಿಸುತ್ತಿದೆ. ಇದೇ ಗಾಡಿಗೆ ಮಾಡಿಸಿದವರು ಒಟ್ಟು ಎಷ್ಟು ಖರ್ಚಾಯಿತು ಅಂತ ಹೇಳಿ. ಹಾಸನದಲ್ಲಿ ಟೈಮಿಂಗ್ ಮಾರ್ಕ್ (ಬೆಲ್ಟ್ ಹಾಕುವಾಗ ಹೊಂದಿಸಬೇಕಾದ ಗುರುತು) ಸರಿಯಾಗಿ ನೋಡಿ ಕೂರಿಸುವವರು ಗೊತ್ತಿದ್ದರೆ ತಿಳಿಸಿ. ಈ ಶನಿವಾರ ಮತ್ತೆ ಘಾಟ್ ಇಳಿಯಬೇಕು, ಅಷ್ಟರೊಳಗೆ ಆಗಬೇಕು.